ಲೈನ್‌ಮನೆ ಯಾರ ಲೆಕ್ಕಕ್ಕೆ?

1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ಮಲೇರಿಯಾ ಅಧ್ಯಯನಕ್ಕೆಂದು ಮೂರು ಊರುಗಳನ್ನು ಆರಿಸಿಕೊಂಡಿತು. ನೀರಾವರಿ ಸೀಮೆಗೆ ನಾಗೇನಹಳ್ಳಿ, ಬಯಲುಸೀಮೆಗೆ ಹಿರಿಯೂರು, ಮಳೆಯ ಬೆಟ್ಟಗಳಿಗೆ ಮೂಡಿಗೆರೆ. ಬೆನ್ನಿಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವಿತ್ತು. ಒಂದೇ ಮದ್ದನ್ನು ಇಡೀ ಸಂಸ್ಥಾನಕ್ಕೆ ಹಂಚುವ ಮೊದಲು ಆಯಾ ಸೀಮೆಯ ನೀರು, ಸೊಳ್ಳೆ ಎರಡನ್ನೂ ನೋಡಬೇಕೆಂಬ ವಿವೇಕ ಆ ಆಯ್ಕೆಯಲ್ಲೇ ಇತ್ತು.

ನೋಡಬೇಕಾದದ್ದೂ ಬೇಕಾದಷ್ಟಿತ್ತು. ಘಟ್ಟದ ಮಲೇರಿಯಾ ಹರಡುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಗೆ ಕೊಳಚೆ ಬೇಕಿಲ್ಲ. ತಿಳಿಯಾಗಿ ಹರಿಯುವ ಹಳ್ಳದ ಅಂಚೇ ಅದರ ತೊಟ್ಟಿಲು. ಕಾಫಿ ತೋಟಗಳ ಲೈನ್‌ಮನೆಗಳಲ್ಲಿ, ಎಂದರೆ ಆಳುಗಳ ಸಾಲುಮನೆಗಳಲ್ಲಿ, ಇದ್ದ ಕೂಲಿಯವರು ಕುಡಿಯಲು, ತೊಳೆಯಲು ಇಳಿಯುತ್ತಿದ್ದದ್ದೂ ಅಂಥ ಹಳ್ಳಗಳಿಗೇ. ಆಳುಗಳನ್ನು ಕರೆತರುವ ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಕಟ್ಟುಬಿದ್ದು ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಬಂದವರಿಗೆ ಚಳಿಜ್ವರವೆಂದರೆ ಕೂಲಿಯೂ ಹೋಯಿತು, ಸಾಲವೂ ಉಳಿಯಿತು.

ಸ್ವಾತಂತ್ರ್ಯದ ನಂತರ, 1951ರಲ್ಲಿ, ತೋಟ ಕಾರ್ಮಿಕರ ಕಾಯ್ದೆ ಬಂತು. ಕುಡಿಯುವ ನೀರು, ಕಕ್ಕಸು, ವಸತಿ, ಶಿಶುವಿಹಾರ, ಔಷಧೋಪಚಾರ ಎಲ್ಲವೂ ಮಾಲೀಕರ ಹೊಣೆ ಎಂದಿತು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಅದು ಅನ್ವಯವಾಗುತ್ತಿದ್ದದ್ದು ಕನಿಷ್ಠ 25 ಎಕರೆಯ, ಕನಿಷ್ಠ 30 ಆಳುಗಳಿದ್ದ ತೋಟಗಳಿಗೆ. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಅದಕ್ಕಿಂತ ಚಿಕ್ಕವು. 1981ರ ತಿದ್ದುಪಡಿ ಈ ಮಿತಿಯನ್ನು 5 ಹೆಕ್ಟೇರ್, 15 ಆಳುಗಳಿಗೆ ಇಳಿಸಿತು. ಆಗಲೂ ಎರಡು-ಮೂರು ಎಕರೆಯ ಬೆಳೆಗಾರನ ಆಳುಗಳು ಹೊರಗೇ ಉಳಿದರು.

ಇನ್ನೊಂದು ತೊಡಕು ಸದ್ದಿಲ್ಲದ್ದು. ಕಾಯ್ದೆಯನ್ನು ನೋಡಿಕೊಳ್ಳಬೇಕಾಗಿದ್ದದ್ದು ಆರೋಗ್ಯ ಇಲಾಖೆಯಲ್ಲ, ಕಾರ್ಮಿಕ ಇಲಾಖೆ. ಹೀಗಾಗಿ ಎಸ್ಟೇಟಿನ ಗೇಟಿನೊಳಗಿನ ಕಾಯಿಲೆ ಸಾಹುಕಾರರ ಬಾಬತ್ತು, ಹೊರಗಿನದು ಸರ್ಕಾರಿ ಆಸ್ಪತ್ರೆಯದು ಎಂಬ ಪಾಲುಪಟ್ಟಿಗೆ ದಾರಿಯಾಯಿತು. ಸೊಳ್ಳೆಗೇನು, ಗೇಟು ಗೊತ್ತೇ?

ಇನ್ನು ಗೇಟಿನ ಹೊರಗಿನ ಹೊಣೆ ಹೊತ್ತ ಆರೋಗ್ಯ ಇಲಾಖೆಯ ಒಳಗನ್ನೇ ನೋಡುವ ಗಂಭೀರ ಪ್ರಯತ್ನ ನಡೆದದ್ದು ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ, ರಾಜ್ಯದ ಆರೋಗ್ಯ ಕಾರ್ಯಪಡೆಯಿಂದ. ಅದು 2001ರಲ್ಲಿ ಕೊಟ್ಟ ವರದಿ ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಈ ಮೂರನ್ನೂ ತಲೆಬರಹದಲ್ಲೇ ಇಟ್ಟುಕೊಂಡಿತ್ತು. ಪ್ರದೇಶ ಪ್ರದೇಶಗಳ ನಡುವಿನ ಅಂತರದ ಜೊತೆಗೆ ಇಲಾಖೆಯೊಳಗಿನ ಭ್ರಷ್ಟಾಚಾರವನ್ನೂ ಮುಚ್ಚುಮರೆಯಿಲ್ಲದೆ ಎತ್ತಿ ಆಡಿತು. 2011ರಲ್ಲಿ ವೈದ್ಯಾಧಿಕಾರಿಗಳ ವರ್ಗಾವಣೆಗೇ ಪ್ರತ್ಯೇಕ ಕಾಯ್ದೆ ಬಂತು. ವರ್ಗಾವಣೆಯ ಕಡತ ನೋಡಲು ನೀರಸ. ಆದರೆ ಮಲೆನಾಡಿನ ಕಳಸದಂಥ ಊರಿನಲ್ಲಿ ಮಳೆಗಾಲದ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವಳಿಗೆ ವೈದ್ಯರು ಸಿಗುತ್ತಾರೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ಕಡತದಲ್ಲೇ. ಕರಾವಳಿಗೆ ಇಳಿಯುವ ಚಾರ್ಮಾಡಿ ಘಾಟಿ ಕುಸಿದ 2019ರ ಆಗಸ್ಟ್‌ನಂಥ ದಿನಗಳಲ್ಲಿ ಮಂಗಳೂರಿನ ದೊಡ್ಡಾಸ್ಪತ್ರೆಗಳೂ ದೂರವೇ.

ಜನರ ತಲೆಯೆಣಿಸಿ ಆರೋಗ್ಯ ಸಿಬ್ಬಂದಿಯನ್ನು ಹಂಚುವ ನಿಯಮಗಳಿಗೂ ಬೆಟ್ಟದ ದೂರ ಅಡ್ಡ ಬರುತ್ತದೆ. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಎಂದಿತು. ಬಯಲಿನಲ್ಲಿ ಸಾವಿರ ಜನ ಎಂದರೆ ಒಂದು ಹಳ್ಳಿ. ಮಲೆನಾಡಿನಲ್ಲಿ ಅದು ಗುಡ್ಡಕ್ಕೆರಡು ಮನೆಯಂತೆ ಚದುರಿದ ಹತ್ತಾರು ಕೊಪ್ಪಲು. ಗುಡ್ಡಗಾಡಿಗೆ ಸಡಿಲಿಕೆ ಇಟ್ಟದ್ದು ಅದಕ್ಕೇ.

ಈಗ ಕಾಫಿ ಕುಯ್ಲಿಗೆ ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಜನ ಬರುತ್ತಾರೆ. ಕೆಲವು ತಿಂಗಳಿದ್ದು ಹೋಗುವವರನ್ನು ಯಾವ ಊರಿನ ರಿಜಿಸ್ಟರಿನಲ್ಲಿ ಬರೆಯುವುದು? ಪೋಲಿಯೊ ಅಭಿಯಾನ ಇದಕ್ಕೊಂದು ದಾರಿ ತೋರಿಸಿದೆ: ವಲಸೆ ಕುಟುಂಬಗಳ ಬೀಡುಗಳನ್ನು ಬೇರೆಯೇ ಪಟ್ಟಿ ಮಾಡಿ, ಮನೆ ಎಲ್ಲಿಯದೆಂದು ಕೇಳದೆ ಮಗುವಿಗೆ ಹನಿ ಹಾಕುವುದು. ದೇಶದಲ್ಲಿ ಕಾಡು ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ. ಅಂಥದೇ ಪಟ್ಟಿಯನ್ನು ಲೈನ್‌ಮನೆಯ ಬಸುರಿಯರ ತಾಯಿ ಕಾರ್ಡಿಗೂ ಕ್ಷಯದ ತಪಾಸಣೆಗೂ ಬಳಸಲು ಹೊಸ ಕಾನೂನೇನೂ ಬೇಕಾಗದು.