ಕ್ಲೈಂಟ್ ಪ್ರಮಾಣಪತ್ರ

ಸರ್ವರ್‌ಗೆ ಸಂಪರ್ಕ ಕೋರಿ ಬಂದ ಬ್ರೌಸರ್, ಮೇಲ್ ತಂತ್ರಾಂಶ ಅಥವಾ ಮತ್ತೊಂದು ಸರ್ವರ್ ಯಾರದೆಂದು ತಿಳಿಯಲು ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಗುರುತುಪತ್ರ. 1988ರಲ್ಲಿ ಮೊದಲು ಪ್ರಕಟವಾದ ಎಕ್ಸ್.509 ಮಾದರಿಯ ಈ ಪತ್ರದಲ್ಲಿ ಹೊಂದಿದವರ ಹೆಸರು, ಅವರ ಸಾರ್ವಜನಿಕ ಕೀಲಿ, ಚಾಲ್ತಿಯ ಅವಧಿ ಮತ್ತು ಪತ್ರ ಕೊಟ್ಟ ಪ್ರಾಧಿಕಾರದ ಸಹಿ ಇರುತ್ತವೆ. ವೆಬ್‌ನಲ್ಲಿ ಸಾಮಾನ್ಯವಾಗಿ ಸರ್ವರ್ ಮಾತ್ರ ಪತ್ರ ತೋರಿಸುತ್ತದೆ. ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ನಿಯಮಾವಳಿ ಟಿಎಲ್‌ಎಸ್; ಎರಡೂ ಕಡೆಯವರು ಪತ್ರ ತೋರಿಸಿದರೆ ಅದು ಪರಸ್ಪರ ಟಿಎಲ್‌ಎಸ್.

ಸಂಪರ್ಕ ಕುದುರುವ ಹೊತ್ತಿನಲ್ಲಿ ಸರ್ವರ್ ಪತ್ರ ಕೇಳುತ್ತದೆ. ಕ್ಲೈಂಟ್ ಅದನ್ನು ಕಳಿಸಿ, ಅಲ್ಲಿಯವರೆಗೆ ನಡೆದ ಸಂವಾದಕ್ಕೆ ತನ್ನ ಖಾಸಗಿ ಕೀಲಿಯಿಂದ ಸಹಿ ಹಾಕುತ್ತದೆ. ಪತ್ರವನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು. ಗುರುತಿಗೆ ಸಾಕ್ಷಿ ಆ ಸಹಿ. ಖಾಸಗಿ ಕೀಲಿ ಕ್ಲೈಂಟ್ ಬಿಟ್ಟು ಕದಲುವುದೇ ಇಲ್ಲವಾದ್ದರಿಂದ, ಸರ್ವರ್ ಲೂಟಿಯಾದರೂ ಕೀಲಿ ಕಳ್ಳರ ಕೈಗೆ ಸಿಗದು. ಪಾಸ್‌ವರ್ಡ್‌ಗಿಂತ ಇದರ ಹೆಚ್ಚುಗಾರಿಕೆ ಇಲ್ಲಿದೆ. ಎಸ್ಟೋನಿಯಾದಲ್ಲಿ 2002ರಿಂದ ನೀಡುತ್ತಿರುವ ಗುರುತಿನ ಚೀಟಿಯ ಚಿಪ್ಪಿನಲ್ಲೇ ಇಂಥ ಕೀಲಿ ಇದೆ. ಟಿಎಲ್‌ಎಸ್ 1.2ರವರೆಗೆ ಮೊದಲ ಸಂಪರ್ಕದಲ್ಲೇ ಕಳಿಸಿದ ಕ್ಲೈಂಟ್ ಪತ್ರ ದಾರಿಯಲ್ಲಿ ಕದ್ದು ನೋಡುವವರಿಗೂ ಕಾಣುತ್ತಿತ್ತು, 2018ರ 1.3 ಆವೃತ್ತಿ ಅದನ್ನು ಗೂಢಲಿಪಿಯೊಳಗೆ ಸೇರಿಸಿತು.

ವೆಬ್ ಸರ್ವರ್‌ಗಳಾದ ಅಪಾಚೆ, ಎನ್‌ಜಿನ್ಎಕ್ಸ್ ಎರಡರಲ್ಲೂ ಪತ್ರ ಬೇಡ, ಇದ್ದರೆ ಕೊಡಿ, ಇರಲೇಬೇಕು ಎಂಬ ಆಯ್ಕೆಗಳಿವೆ. ಪತ್ರ ಸಾಚಾ ಎಂದು ತಿಳಿದ ಮಾತ್ರಕ್ಕೆ ಒಳಬಿಡಬೇಕೆಂದೇನಿಲ್ಲ. ಈ ಎರಡನ್ನು ಬೆರೆಸುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಎಲ್ಲರಿಗೂ ಪತ್ರ ಕೊಡುವ ಸಾರ್ವಜನಿಕ ಪ್ರಾಧಿಕಾರವೊಂದನ್ನು ನಂಬಿಕೆಯ ಪಟ್ಟಿಗೆ ಸೇರಿಸಿ ಸುಮ್ಮನಾದರೆ, ಅದರ ಯಾವ ಗ್ರಾಹಕನಿಗೂ ಬಾಗಿಲು ತೆರೆದಂತೆ. ಆದ್ದರಿಂದ ಸಂಸ್ಥೆಗಳು ಇದಕ್ಕೆಂದೇ ಸ್ವಂತ ಪ್ರಾಧಿಕಾರ ನಡೆಸುತ್ತವೆ. ಹೆಸರು ಓದುವ ರೀತಿಯೂ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಪತ್ರದ 'ಕಾಮನ್ ನೇಮ್' ಅನ್ನು ಡೇಟಾಬೇಸ್ ಬಳಕೆದಾರನ ಹೆಸರಿನೊಂದಿಗೆ ತಾಳೆ ನೋಡುತ್ತದೆ. ಕಂಟೈನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ ಅದನ್ನೇ ಬಳಕೆದಾರನ ಹೆಸರಾಗಿಯೂ 'ಆರ್ಗನೈಸೇಷನ್' ಭಾಗವನ್ನು ಗುಂಪಾಗಿಯೂ ಓದುತ್ತದೆ. ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಪತ್ರದ ಬೆರಳಚ್ಚನ್ನೇ ಪಟ್ಟಿಯಲ್ಲಿ ಹುಡುಕಬಲ್ಲದು. ಆಗ ಪ್ರಾಧಿಕಾರದ ಮಾತೇ ಬೇಕಿಲ್ಲ. ಕೆಲವೇ ಕ್ಲೈಂಟ್‌ಗಳಿದ್ದಲ್ಲಿ ಇದರಷ್ಟು ನೇರವಾದ ದಾರಿ ಬೇರೆ ಇಲ್ಲ.

ಒಂದು ಕಡತಕೋಶಕ್ಕೆ ಮಾತ್ರ ಪತ್ರ ಕಡ್ಡಾಯ ಮಾಡುವ ಅನುಕೂಲ ಅಪಾಚೆಯಲ್ಲಿದೆ. ಆದರೆ ಕೋರಿಕೆ ಓದಿದ ಮೇಲೆಯೇ ಯಾವ ಕೋಶ ಬೇಕೆಂಬುದು ಸರ್ವರ್‌ಗೆ ಗೊತ್ತಾಗುವುದು. ಹಾಗಾಗಿ ಅದು ನಡುವೆಯೇ ಸಂಪರ್ಕವನ್ನು ಹೊಸದಾಗಿ ಕುದುರಿಸುತ್ತಿತ್ತು. ಮೊದಲೇ ಬಂದ ಕೋರಿಕೆಗೆ ಆಮೇಲೆ ತೋರಿಸಿದ ಪತ್ರದ ಅಧಿಕಾರ ಅಂಟಿಕೊಳ್ಳುತ್ತಿತ್ತು. ನಡುದಾರಿಯಲ್ಲಿ ಕುಳಿತವನು ತನ್ನ ಕೋರಿಕೆಯನ್ನು ಮುಂದಿಟ್ಟು, ಅದರ ಬೆನ್ನಿಗೆ ಅಮಾಯಕನ ಸಂಪರ್ಕವನ್ನು ಜೋಡಿಸಬಹುದಿತ್ತು. ಮಾರ್ಷ್ ರೇ ಮತ್ತು ಸ್ಟೀವ್ ಡಿಸ್ಪೆನ್ಸಾ ಕಂಡುಹಿಡಿದ ಈ ಬಿರುಕು 2009ರಲ್ಲಿ ಬಯಲಾಯಿತು; 2010ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 5746 ಎಂಬ ಮಾನದಂಡ ಅದನ್ನು ಮುಚ್ಚಿತು. ಟಿಎಲ್‌ಎಸ್ 1.3 ಮರುಕುದುರಿಕೆಯನ್ನೇ ಕೈಬಿಟ್ಟಿದೆ. ಪತ್ರ ಬೇಕಾದ ಭಾಗಕ್ಕೆ ಪ್ರತ್ಯೇಕ ಹೋಸ್ಟ್ ಹೆಸರು ಕೊಡುವುದು ಮೇಲು.

ಸರ್ವರ್‌ನ ಮುಂದೆ ಪ್ರಾಕ್ಸಿ ಇದ್ದರೆ ಪತ್ರವನ್ನು ಪರೀಕ್ಷಿಸುವುದು ಅದೇ. ಹಿಂದಿನ ಸರ್ವರ್‌ಗೆ ಫಲಿತಾಂಶ ಹೆಡರ್ ರೂಪದಲ್ಲಿ ತಲುಪುತ್ತದೆ. ಹೊರಗಿನಿಂದ ಅದೇ ಹೆಸರಿನ ಹೆಡರ್ ಬಂದರೆ ಪ್ರಾಕ್ಸಿ ಅದನ್ನು ಅಳಿಸಲೇಬೇಕು, ಇಲ್ಲದಿದ್ದರೆ ಯಾರು ಯಾರ ಹೆಸರನ್ನಾದರೂ ಹೇಳಿಕೊಂಡು ಬರಬಹುದು.

ಕೀಲಿ ಕಳೆದುಹೋದಾಗ ಪತ್ರವನ್ನು ರದ್ದುಪಟ್ಟಿಗೆ ಸೇರಿಸುತ್ತಾರೆ. ಸರ್ವರ್ ಆ ಪಟ್ಟಿಯನ್ನು ಆಗಾಗ ತರಿಸಿ ಓದಿಕೊಂಡರೆ ಮಾತ್ರ ರದ್ದತಿ ಜಾರಿಗೆ ಬರುತ್ತದೆ. ಕುಬರ್ನೆಟೀಸ್ ಕ್ಲೈಂಟ್ ಪತ್ರಗಳ ರದ್ದುಪಟ್ಟಿ ನೋಡುವುದೇ ಇಲ್ಲ. ಅಲ್ಲಿ ಅವಧಿ ಗಿಡ್ಡವಾಗಿರುವ ಪತ್ರ ಕೊಡುವುದೇ ರಕ್ಷಣೆ.