ಮಾನಿಟರ್ ಸ್ಪೀಕರಿನ ಚರಚರ ಸದ್ದು: ಗೋಕಾಕ ಸೀಮೆಯಲ್ಲಿ ದೋಷ ಹುಡುಕುವ ಕ್ರಮ

ಕಂಪ್ಯೂಟರಿಗೆ ಜೋಡಿಸಿದ ಮಾನಿಟರಿನ ಸ್ಪೀಕರು ಚರಚರ ಎನ್ನತೊಡಗಿದರೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು: ‘ಸ್ಪೀಕರ್ ಹೋಗೇತ್ರಿ’, ‘ಕೇಬಲ್ ಬದಲ ಮಾಡ್ರಿ’, ‘ವೋಲ್ಟೇಜ್ ಸರಿ ಇಲ್ರಿ’. ಈ ಮೂರರಲ್ಲಿ ಯಾವುದೂ ಅಸಾಧ್ಯವಲ್ಲ. ಆದರೆ ಹುಡುಕಾಟ ಇವುಗಳಿಂದಲೇ ಶುರುವಾಗುವುದು ತಪ್ಪು ಎಂಬುದು ಈ ಲೇಖನದ ವಾದ. ಸದ್ದು ಹುಟ್ಟುವ ಜಾಗ ಯಾವುದೆಂಬುದನ್ನು ಬಹುಮಟ್ಟಿಗೆ ಸದ್ದೇ ಹೇಳುತ್ತದೆ. ಅದು ಚಿತ್ರದೊಂದಿಗೆ, ದನಿಯ ಏರಿಳಿತದೊಂದಿಗೆ, ಮನೆಯ ವೈರಿಂಗಿನೊಂದಿಗೆ ಹೇಗೆ ಹೊಂದಿಕೊಂಡು ಬರುತ್ತದೆಂದು ಗಮನಿಸಿದರೆ ಕಾಸು ಖರ್ಚಿಲ್ಲದೆ ಅರ್ಧ ದಾರಿ ಸವೆಯುತ್ತದೆ. ಇನ್ನರ್ಧ ದಾರಿಯಲ್ಲಿ ಈ ಸೀಮೆಯ ನೆಲ ಮತ್ತು ಋತುಮಾನ ಲೆಕ್ಕಕ್ಕೆ ಬರುತ್ತವೆ.

ಸದ್ದುಗಳನ್ನು ಬೇರ್ಪಡಿಸುವುದು ಮೊದಲ ಕೆಲಸ. ನಡುನಡುವೆ ಲೆಕ್ಕವಿಲ್ಲದೆ ಬೀಳುವ ‘ಪಟ್ ಪಟ್’ ಒಂದು ಬಗೆ. ಹಾಡು ನಿಂತರೂ ನಿಲ್ಲದ ‘ಗುಂಯ್’ ಇನ್ನೊಂದು. ದನಿ ಏರಿದಾಗ ಮಾತ್ರ ಹರಿದ ಕಾಗದದಂತೆ ಕೇಳುವ ಬಿರುಕು ಮೂರನೆಯದು. ಸುಮ್ಮನಿದ್ದ ಕಂಪ್ಯೂಟರಿನಲ್ಲಿ ಹಾಡು ಶುರುವಾದ ಕ್ಷಣ ಮಾತ್ರ ಒಮ್ಮೆ ‘ಟಪ್’ ಎಂದು, ಮೊದಲ ಅಕ್ಷರ ನುಂಗಿಹೋಗುವುದು ನಾಲ್ಕನೆಯದು. ನಾಲ್ಕಕ್ಕೂ ‘ಸ್ಪೀಕರ್ ಚರಚರ ಅಂತೈತಿ’ ಎಂಬ ಒಂದೇ ದೂರು ಬರುತ್ತದೆ, ಆದರೆ ನಾಲ್ಕರ ಮೂಲಗಳು ಬೇರೆ ಬೇರೆ.

ಚಿತ್ರದ ಬಿಡುವಿನಲ್ಲಿ ಸಾಗುವ ದನಿ

ಎಚ್‌ಡಿಎಂಐ ತಂತಿಯಲ್ಲಿ ದನಿಗೆ ಪ್ರತ್ಯೇಕ ಎಳೆಯಿಲ್ಲ. ಚಿತ್ರ ಸಾಗುವ ಎಳೆಗಳಲ್ಲೇ, ಚಿತ್ರ ಬಿಡಿಸದ ಬಿಡುವಿನ ಹೊತ್ತಿನಲ್ಲಿ, ದನಿಯ ಪೊಟ್ಟಣಗಳು ಸಾಗುತ್ತವೆ. 1920×1080 ಅಳತೆಯ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳುಹಿಸುವಾಗ ನಿಜವಾಗಿ ಎಣಿಕೆಯಾಗುವುದು ಗೆರೆಗೆ 2200 ಬಿಂದುಗಳು, ಚಿತ್ರಕ್ಕೆ 1125 ಗೆರೆಗಳು. ಗೆರೆಗೆ 280 ಬಿಂದುಗಳ ಹೊತ್ತು, ಚಿತ್ರಕ್ಕೆ 45 ಗೆರೆಗಳ ಹೊತ್ತು ಖಾಲಿ. 2200, 1125, 60 ಈ ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 14 ಕೋಟಿ 85 ಲಕ್ಷ ಬಿಂದುಗಳು, ಅಂದರೆ 148.5 ಮೆಗಾಹರ್ಟ್ಸ್‌ನ ಗಡಿಯಾರ. ಸೆಕೆಂಡಿಗೆ ಸಾಗುವ ಗೆರೆಗಳು 67,500. ದನಿಗೆ ಬೇಕಾದ ಮಾದರಿಗಳು (ಸ್ಯಾಂಪಲ್‌ಗಳು) 48,000. ಗೆರೆಗೊಂದು ಮಾದರಿಯೂ ಬೇಕಾಗದಷ್ಟು ಜಾಗವಿದೆ. ಆದ್ದರಿಂದ ‘ದನಿಗೆ ತಂತಿಯಲ್ಲಿ ಜಾಗ ಸಾಲದು’ ಎಂಬ ಊಹೆ ಈ ಅಳತೆಯಲ್ಲಿ ನಿಲ್ಲುವುದಿಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ಎಚ್‌ಡಿಎಂಐನ ಹಳೆಯ, ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಪದ್ಧತಿಯಲ್ಲಿ ದನಿಯ ಪೊಟ್ಟಣಗಳಿಗೆ ತಪ್ಪು ತಿದ್ದುವ ಸಂಕೇತ ಜೊತೆಗಿರುತ್ತದೆ. ಚಿತ್ರದ ಬಿಂದುಗಳಿಗೆ ಆ ರಕ್ಷಣೆಯಿಲ್ಲ. ತಂತಿ ಸೋತರೆ ಮೊದಲು ಕೆಡಬೇಕಾದದ್ದು ಚಿತ್ರ: ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ, ಪರದೆ ಒಮ್ಮೆ ಆರಿ ಮತ್ತೆ ಹತ್ತುತ್ತದೆ. ಚಿತ್ರ ತಿಳಿಯಾಗಿದ್ದು ದನಿ ಮಾತ್ರ ಪಟಪಟ ಎನ್ನುತ್ತಿದ್ದರೆ ಕೇಬಲ್ಲು ಬಹುತೇಕ ನಿರಪರಾಧಿ. ಹೊಸ ಕೇಬಲ್ ತರಲು ಪೇಟೆಗೆ ಹೋಗುವ ಮುನ್ನ ಈ ಒಂದು ಸಂಗತಿಯನ್ನು ಗಮನಿಸಿದರೆ ಸಾಕಷ್ಟು ದುಡ್ಡು ಉಳಿಯುತ್ತದೆ. 4ಕೆ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳುಹಿಸುವಾಗ ಗಡಿಯಾರ 594 ಮೆಗಾಹರ್ಟ್ಸ್‌ಗೆ ಏರುವುದರಿಂದ ಅಲ್ಲಿ ಉದ್ದನೆಯ ಅಗ್ಗದ ಕೇಬಲ್ಲನ್ನು ಶಂಕಿಸಲು ಕಾರಣವುಂಟು. ಅಂಥಲ್ಲಿ 1080ಕ್ಕೆ ಇಳಿಸಿ ನೋಡಬೇಕು. ಸದ್ದು ಅಡಗಿದರೆ ಕೇಬಲ್ ಬದಲಿಸುವುದು ನ್ಯಾಯ.

ಹಾಗಾದರೆ ಪಟಪಟ ಎಲ್ಲಿಂದ? ಮಾನಿಟರಿಗೆ ದನಿಯ ಗಡಿಯಾರ ನೇರವಾಗಿ ಬರುವುದಿಲ್ಲ. ಚಿತ್ರದ ಗಡಿಯಾರವನ್ನೂ ಅದರೊಂದಿಗೆ ಬರುವ ಎರಡು ಸಂಖ್ಯೆಗಳನ್ನೂ ಹಿಡಿದು ಮಾನಿಟರೇ ಅದನ್ನು ಮತ್ತೆ ಕಟ್ಟಿಕೊಳ್ಳುತ್ತದೆ. 148.5 ಮೆಗಾಹರ್ಟ್ಸ್‌ನಲ್ಲಿ 48,000ದ ದರಕ್ಕೆ ಆ ಸಂಖ್ಯೆಗಳು 6144 ಮತ್ತು 148500. ದರ 44,100 ಆದರೆ 6272 ಮತ್ತು 165000. ಒಂದು ಹಾಡು ಒಂದು ದರದಲ್ಲಿ, ಮುಂದಿನದು ಇನ್ನೊಂದರಲ್ಲಿ ಬಂದು, ಕಂಪ್ಯೂಟರು ಅದಕ್ಕೆ ತಕ್ಕಂತೆ ದರ ಬದಲಿಸುತ್ತ ಹೋದರೆ ಪ್ರತಿ ಬದಲಾವಣೆಗೂ ಮಾನಿಟರು ಕ್ಷಣಕಾಲ ಬಾಯಿ ಮುಚ್ಚಿ ಮತ್ತೆ ತೆರೆಯಬೇಕಾಗುತ್ತದೆ. ಆಗ ‘ಟಪ್’ ಕೇಳುತ್ತದೆ. ದನಿಯ ಸೆಟ್ಟಿಂಗಿನಲ್ಲಿ ದರವನ್ನು 48,000ಕ್ಕೆ, 16 ಬಿಟ್ಟಿಗೆ ಕಟ್ಟಿಹಾಕಿ, ‘ಎನ್‌ಹಾನ್ಸ್‌ಮೆಂಟ್’ ಎಂಬ ಸೇರ್ಪಡೆಗಳನ್ನು ತೆಗೆದುಹಾಕುವುದು ಇದಕ್ಕೆ ಮದ್ದು.

ಇದಕ್ಕಿಂತ ಹೆಚ್ಚಾಗಿ ಕಾಣುವ ಕಾರಣ ಕಂಪ್ಯೂಟರಿನ ಒಳಗೇ ಇದೆ. ವಿಂಡೋಸ್ ಸಾಮಾನ್ಯವಾಗಿ ದನಿಯನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ ಸಾಗಿಸುತ್ತದೆ. 48,000ದ ದರದಲ್ಲಿ ಒಂದು ತುಂಡೆಂದರೆ 480 ಮಾದರಿಗಳು. ಮುಂದಿನ ತುಂಡು ಸಿದ್ಧವಾಗುವ ಹೊತ್ತಿಗೆ ವೈಫೈನ ಅಥವಾ ಗ್ರಾಫಿಕ್ಸಿನ ಡ್ರೈವರು ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೆ ದನಿಯಲ್ಲಿ ತೂತು ಬೀಳುತ್ತದೆ. ಸ್ಪೀಕರಿನ ಪೊರೆ ಇದ್ದಕ್ಕಿದ್ದಂತೆ ಒಂದು ನೆಲೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಆ ಜಿಗಿತವೇ ಪಟ್. ದೊಡ್ಡ ಫೈಲು ಇಳಿಸಿಕೊಳ್ಳುವಾಗ, ಬ್ರೌಸರಿನಲ್ಲಿ ಹತ್ತಾರು ಪುಟ ತೆರೆದಾಗ ಸದ್ದು ಹೆಚ್ಚಾದರೆ ಇದೇ ಕಾರಣವೆಂದು ತಿಳಿಯಬೇಕು. ಯಾವ ಡ್ರೈವರು ತಡೆಯುತ್ತಿದೆ ಎಂಬುದನ್ನು ಲೇಟೆನ್ಸಿಮಾನ್ ಎಂಬ ತಂತ್ರಾಂಶ ತೋರಿಸಿಕೊಡುತ್ತದೆ. ಇಲ್ಲಿ ಎಷ್ಟೋ ಜನ ಎಡವುವ ಜಾಗವೊಂದಿದೆ. ಮಾನಿಟರಿಗೆ ಹೋಗುವ ದನಿ ಮದರ್‌ಬೋರ್ಡಿನ ರಿಯಲ್‌ಟೆಕ್ ಚಿಪ್ಪಿನ ಮೂಲಕ ಹೋಗುವುದಿಲ್ಲ, ಗ್ರಾಫಿಕ್ಸ್ ಚಿಪ್ಪಿನ ಮೂಲಕ ಹೋಗುತ್ತದೆ. ಆದ್ದರಿಂದ ಮತ್ತೆ ಹಾಕಬೇಕಾದದ್ದು ಇಂಟೆಲ್, ಎನ್‌ವಿಡಿಯಾ ಅಥವಾ ಎಎಮ್‌ಡಿಯ ಗ್ರಾಫಿಕ್ಸ್ ಡ್ರೈವರು. ರಿಯಲ್‌ಟೆಕ್ ಡ್ರೈವರನ್ನು ಎಷ್ಟು ಸಲ ತೆಗೆದು ಹಾಕಿದರೂ ಈ ದನಿ ಸರಿಹೋಗದು.

ಹಾಡಿನ ಮೊದಲ ಅಕ್ಷರ ನುಂಗುವುದು ಉಳಿತಾಯದ ಪರಿಣಾಮ: ಸದ್ದಿಲ್ಲದಾಗ ದನಿಯ ಮಾರ್ಗ ಮಲಗುತ್ತದೆ, ಎಬ್ಬಿಸಿದಾಗ ತುಸು ಹೊತ್ತು ಹಿಡಿಯುತ್ತದೆ. ಲಿನಕ್ಸಿನಲ್ಲಿ snd_hda_intel ಎಂಬ ಮಾಡ್ಯೂಲಿನ ವಿದ್ಯುತ್ ಉಳಿತಾಯದ ಬೆಲೆಯನ್ನು ಸೊನ್ನೆಗೆ ಇಟ್ಟರೆ ಅನೇಕ ಯಂತ್ರಗಳಲ್ಲಿ ಇದು ನಿಲ್ಲುತ್ತದೆ.

ನೆಲ, ನೀರು, ಅರ್ಥಿಂಗ್

‘ಗುಂಯ್’ ಎಂಬುದರ ಕತೆ ಬೇರೆ. ಅದಕ್ಕೆ ಈ ಸೀಮೆಯ ವಿದ್ಯುತ್ತಿನ ಹಿನ್ನೆಲೆ ಬೇಕು. ಘಟಪ್ರಭೆ 52 ಮೀಟರ್ ಧುಮುಕುವ ಗೋಕಾಕ ಜಲಪಾತದ ನೀರಿನ ಬಲದ ಮೇಲೆ ನೂಲಿನ ಗಿರಣಿ 1887ರಲ್ಲೇ ಕೆಲಸ ಶುರುಮಾಡಿತು. ಪಕ್ಕದ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದ ಮೊದಲ ಐದು ಪ್ರಾಯೋಗಿಕ ಸಂಘಗಳಲ್ಲಿ ಒಂದು. ಹೀಗಾಗಿ ಹುಕ್ಕೇರಿಯ ಕಂಬದ ದೂರು ಸಂಘಕ್ಕೆ, ಗೋಕಾಕ ಮೂಡಲಗಿಗಳದು ಹೆಸ್ಕಾಂಗೆ ಹೋಗುತ್ತದೆ. ಹಿಡಕಲ್ ಅಣೆಕಟ್ಟಿನ ಕಾಲುವೆ ಮತ್ತು ಪಂಪ್‌ಸೆಟ್ಟುಗಳ ನಾಡಿದು. ಒಂದು ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಮೋಟಾರುಗಳು ಚಾಲೂ ಆದಾಗ ಬಲ್ಬು ಮಂಕಾಗುವುದನ್ನು ಎಲ್ಲರೂ ಕಂಡಿದ್ದಾರೆ. ‘ವೋಲ್ಟೇಜ್ ಸರಿ ಇಲ್ರಿ’ ಎಂಬ ಉತ್ತರ ಬಂದದ್ದು ಈ ಅನುಭವದಿಂದ.

ಆದರೆ ಮಾನಿಟರಿನ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. 230 ಬರಬೇಕಾದಲ್ಲಿ 180 ಬಂದರೂ ಅದು ತನ್ನ ಕೆಲಸ ಮಾಡುತ್ತದೆ. ವೋಲ್ಟೇಜಿನ ಇಳಿತವೊಂದೇ ಈ ಸದ್ದಿಗೆ ಕಾರಣವಾಗದು. ಶಂಕಿಸಬೇಕಾದವು ಬೇರೆ: ಸಡಿಲಾದ ನ್ಯೂಟ್ರಲ್, ಕಿಡಿ ಹಾರುವ ಸ್ವಿಚ್ಚು, ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರು, ಮತ್ತು ಎಲ್ಲಕ್ಕಿಂತ ಮೇಲಾಗಿ ಅರ್ಥಿಂಗ್.

ಎರಡು ಪಿನ್ನಿನ ಅಡಾಪ್ಟರಿನ ಒಳಗೆ ಸದ್ದು ತಡೆಯಲೆಂದೇ ಇಟ್ಟ ಪುಟ್ಟ ಕೆಪಾಸಿಟರೊಂದು ಇರುತ್ತದೆ. ಅದರ ಮೂಲಕ ಲ್ಯಾಪ್‌ಟಾಪಿನ ಲೋಹದ ಮೈಗೆ ಅತಿ ಸಣ್ಣ ಕರೆಂಟು ಸೋರುತ್ತದೆ. ಕೈ ಸವರಿದರೆ ‘ಝುಂ’ ಎನ್ನುವುದು ಇದರಿಂದಲೇ. ಅರ್ಥಿಂಗ್ ಸರಿಯಿದ್ದ ಮೂರು ಪಿನ್ನಿನ ಯಂತ್ರಕ್ಕೆ ಜೋಡಿಸಿದರೆ ಆ ಸೋರಿಕೆ ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಕಂಪ್ಯೂಟರು ಮತ್ತು ಮಾನಿಟರುಗಳ ನಡುವಿನ ತಂತಿಯಲ್ಲೇ ಓಡಾಡುತ್ತದೆ. ದನಿಯನ್ನು 3.5 ಮಿಲಿಮೀಟರಿನ ಆಕ್ಸ್ ತಂತಿಯಿಂದ ಮಾನಿಟರಿಗೆ ಕೊಟ್ಟವರಿಗೆ ಇದು ನೇರವಾಗಿ ಕೇಳುತ್ತದೆ: 50 ಹರ್ಟ್ಸ್‌ನ ಗುಂಯ್, ಅಥವಾ ಅದರ ದುಪ್ಪಟ್ಟು 100 ಹರ್ಟ್ಸ್‌ನದು. ಎಚ್‌ಡಿಎಂಐಯಲ್ಲಿ ದನಿ ಅಂಕಿಗಳಾಗಿ ಸಾಗುವುದರಿಂದ ಗುಂಯ್ ಅದರೊಳಗೆ ಬೆರೆಯಲಾರದು. ಆಗಲೂ ಕೇಳಿದರೆ ಮೂಲ ಮಾನಿಟರಿನ ಒಳಗಿದೆ. ಪರದೆಯ ಹೊಳಪನ್ನು ಏರಿಳಿಸಿದಾಗ ಸದ್ದಿನ ಧಾಟಿ ಬದಲಾದರೆ ಹಿಂಬೆಳಕಿನ ವಿದ್ಯುತ್ ಭಾಗವನ್ನು ನೋಡಬೇಕು.

ಇಲ್ಲಿ ನೆಲದ ಗುಣ ಬರುತ್ತದೆ. ಗೋಕಾಕದ ಪೂರ್ವಕ್ಕೆ, ಮೂಡಲಗಿಯ ಸುತ್ತ, ಎರಿ ಮಣ್ಣು ಹೆಚ್ಚು. ಹಸಿಯಾಗಿದ್ದಾಗ ಅದು ವಿದ್ಯುತ್ತಿಗೆ ಒಳ್ಳೆಯ ದಾರಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಹೂತ ಕಡ್ಡಿಯಿಂದ ದೂರ ಸರಿದರೆ ಅದೇ ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಗುಡ್ಡದ ಕಲ್ಲುನೆಲದಲ್ಲಿ ವರ್ಷವಿಡೀ ಕಷ್ಟ. ಗುಂಯ್ ಮಳೆಗಾಲದಲ್ಲಿ ಅಡಗಿ ಮಾರ್ಚಿನಿಂದ ಮೇವರೆಗೆ ಮರಳಿದರೆ ಸ್ಪೀಕರನ್ನು ಬಿಚ್ಚುವ ಮೊದಲು ಅರ್ಥಿಂಗ್ ಗುಂಡಿಗೆ ನೀರು ಹಾಕಿ ನೋಡಬೇಕು. ಟಿಸಿಯ ಬುಡಕ್ಕೆ ನೀರು ಹಾಕುವ ರೈತರಿಗೆ ಈ ಉಪಾಯ ಹೊಸದಲ್ಲ. ಭಾರತೀಯ ಮಾನಕ 3043 ಅರ್ಥಿಂಗಿನ ಕ್ರಮವನ್ನು ವಿವರವಾಗಿ ಹೇಳುತ್ತದೆ. ಮನೆಯ ಒಳಗಿನ ಅರ್ಥಿಂಗ್ ಮನೆಯವರದೇ ಹೊಣೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಇನ್ನೊಂದು ಮಾತು ಜೀವಕ್ಕೆ ಸಂಬಂಧಿಸಿದ್ದು. ಗುಂಯ್ ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿಯುವ, ಇಲ್ಲವೆ ಎರಡು ಪಿನ್ನಿನ ಕನ್ವರ್ಟರ್ ಹಾಕುವ ರೂಢಿ ಉಂಟು. ಸದ್ದು ನಿಲ್ಲಲೂಬಹುದು. ಆದರೆ ಯಂತ್ರದ ಮೈಗೆ ಫೇಸ್ ತಗುಲಿದ ದಿನ ಆ ಕರೆಂಟು ಇಳಿಯುವುದು ಮುಟ್ಟಿದವರ ಮೈಯಿಂದ. ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಆಕ್ಸ್ ತಂತಿಯ ನಡುವೆ ದನಿಯ ಐಸೊಲೇಟರ್ ಹಾಕಿದರೆ ಅದೇ ಫಲ ಅಪಾಯವಿಲ್ಲದೆ ಸಿಗುತ್ತದೆ.

ಮನೆಯಲ್ಲಿರುವುದರಿಂದಲೇ ಮೂರು ಪರೀಕ್ಷೆ ಸಾಧ್ಯ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸಿದಾಗ ಗುಂಯ್ ನಿಂತರೆ ಅರ್ಥಿಂಗ್ ಕಡೆಗೆ ತಿರುಗಬೇಕು. ಮಾನಿಟರಿನ ಇಯರ್‌ಫೋನ್ ತೂತಿಗೆ ಇಯರ್‌ಫೋನ್ ಹಾಕಿದಾಗ ಪಟಪಟ ಅಲ್ಲಿಯೂ ಕೇಳಿದರೆ ಸ್ಪೀಕರಿನ ತಪ್ಪಿಲ್ಲ. ಮೂರನೆಯದು ಬ್ಯಾಟರಿಯ ರೇಡಿಯೊ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾದ ಮೇಲೆ ಈ ಭಾಗದಲ್ಲಿ ಬೆಳೆದ ಕಿವಿಗಳಿಗೆ ಮೋಟಾರಿನ ಕಿಡಿಯೂ ಟ್ಯೂಬ್‌ಲೈಟಿನ ಸ್ಟಾರ್ಟರೂ ಮೀಡಿಯಂ ವೇವ್‌ನಲ್ಲಿ ಹೇಗೆ ಕೇಳುತ್ತವೆಂದು ಗೊತ್ತು. ಎರಡು ಕೇಂದ್ರಗಳ ನಡುವಿನ ಖಾಲಿ ಜಾಗಕ್ಕೆ ಮುಳ್ಳನ್ನು ತಂದು, ರೇಡಿಯೊ ಹಿಡಿದು ಕೋಣೆಯಲ್ಲಿ ನಡೆದರೆ ಕಿಡಿ ಹಾರುವ ಸ್ವಿಚ್ಚು, ಕೆಟ್ಟ ಅಡಾಪ್ಟರು ಎಲ್ಲಿವೆಯೆಂದು ತಿಳಿಯುತ್ತದೆ. ರೇಡಿಯೊದ ಚರಚರ ಮತ್ತು ಮಾನಿಟರಿನ ಚರಚರ ಒಂದೇ ಹೊತ್ತಿಗೆ ಬಂದರೆ ಮೂಲ ವೈರಿಂಗಿನಲ್ಲಿದೆ. ಇಷ್ಟು ಸೂಕ್ಷ್ಮವಾದ ಉಪಕರಣ ಹಳೆಯ ಕಪಾಟುಗಳಲ್ಲಿ ಧೂಳು ತಿನ್ನುತ್ತಿರುವುದು ಬೇಸರದ ಸಂಗತಿ.

ಕೊನೆಗೆ ಸ್ಪೀಕರು

ಎಷ್ಟೋ ಮಾನಿಟರುಗಳಲ್ಲಿ ಇರುವುದು ತಲಾ 2 ವ್ಯಾಟಿನ ಎರಡು ಪುಟ್ಟ ಸ್ಪೀಕರುಗಳು. ಡೊಳ್ಳಿನ ತಳದನಿಯನ್ನು ಅವು ಎತ್ತಲಾರವು. ದನಿಯನ್ನು ನೂರಕ್ಕೆ ನೂರು ಏರಿಸಿ, ಈಕ್ವಲೈಸರಿನಲ್ಲಿ ಬೇಸ್ ಕೂಡ ಏರಿಸಿದರೆ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿ ಅಲೆಯ ತಲೆ ಕತ್ತರಿಸುತ್ತದೆ. ದನಿಯನ್ನು ಅರ್ಧಕ್ಕಿಳಿಸಿದಾಗ ಬಿರುಕು ಮಾಯವಾದರೆ ಸ್ಪೀಕರು ಕೆಟ್ಟಿಲ್ಲ, ಅದರ ಮೇಲೆ ಹೊರೆ ಹೆಚ್ಚಾಗಿದೆ. ಸಣ್ಣ ದನಿಯಲ್ಲೂ ಒಂದೇ ಬದಿಯಿಂದ ಬಿರುಕು ಬಂದರೆ ಮಾತ್ರ ಪೊರೆ ಹರಿದಿರಬಹುದು. ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಚರಚರ ಎಂದು, ಬಿಸಿಯಾದ ಮೇಲೆ ತಿಳಿಯಾಗುವುದು ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಲಕ್ಷಣ. ಬಿಸಿ 10 ಡಿಗ್ರಿ ಏರಿದಂತೆ ಇವುಗಳ ಆಯುಸ್ಸು ಅರ್ಧವಾಗುತ್ತದೆಂಬುದು ಎಲೆಕ್ಟ್ರಾನಿಕ್ಸಿನವರ ಲೆಕ್ಕ. ತಗಡಿನ ಸೂರಿನ ಅಂಗಡಿಗಳಲ್ಲಿ ಮಾನಿಟರುಗಳು ಬೇಗ ಮುದಿಯಾಗುವುದು ಇದರಿಂದ ಅರ್ಥವಾಗುತ್ತದೆ.

ಯಂತ್ರ ನಿರ್ದೋಷಿಯಾಗಿದ್ದು ಧ್ವನಿಮುದ್ರಣವೇ ಒಡೆದಿರುವ ಸಂದರ್ಭ ಈ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದ, ಕೌಜಲಗಿ ನಿಂಗಮ್ಮನ ದನಿಯಿಂದ ಹೆಸರಾದ ಶ್ರೀಕೃಷ್ಣ ಪಾರಿಜಾತವೆಂಬ ಜನಪದ ರಂಗಾಟಗಳನ್ನು ಇಂದು ಜನ ಮೊಬೈಲಿನಲ್ಲಿ ಹಿಡಿಯುತ್ತಾರೆ. ರಂಗದ ಧ್ವನಿವರ್ಧಕದ ಎದುರಿಗೇ ಕೂತು ಹಿಡಿದರೆ ಹಾರ್ಮೋನಿಯಂ ಮತ್ತು ಏರುದನಿ ಸೇರಿದ ಕಡೆ ಮೈಕಿನ ಮಿತಿ ಮೀರಿ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಆಡಾಸಿಟಿ ಎಂಬ ತಂತ್ರಾಂಶದಲ್ಲಿ ತೆರೆದರೆ ಆ ಚಪ್ಪಟೆ ಕಣ್ಣಿಗೆ ಕಾಣುತ್ತದೆ. ಬಿರುಕು ಹಾಡಿನ ಅದೇ ಜಾಗದಲ್ಲಿ, ಬೇರೆ ಯಂತ್ರದಲ್ಲೂ ಬಂದರೆ ಮಾನಿಟರನ್ನು ಮುಟ್ಟಬೇಕಿಲ್ಲ. ಕತ್ತರಿಸಿಹೋದ ಆ ತುದಿಗಳನ್ನು ಯಾವ ರಿಪೇರಿಯೂ ಪೂರ್ತಿಯಾಗಿ ಮರಳಿ ತರಲಾರದು. ಹಿಡಿಯುವಾಗಲೇ ಧ್ವನಿವರ್ಧಕದಿಂದ ದೂರ ಕೂರಬೇಕು, ರೆಕಾರ್ಡಿಂಗಿನ ಮಟ್ಟವನ್ನು ತಗ್ಗಿಸಿಟ್ಟುಕೊಳ್ಳಬೇಕು. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವವರು ಅತಿ ಏರುದನಿಯ ಭಾಗವನ್ನು ಮೊದಲು ಒಮ್ಮೆ ಓಡಿಸಿ, ಅಲ್ಲಿಗೆ ಮಟ್ಟ ಗೊತ್ತುಮಾಡಿಕೊಂಡ ಮೇಲೆಯೇ ಆರಂಭದಿಂದ ತುಂಬಿಸಿಕೊಳ್ಳಬೇಕು.