ನಾಗಮಂಗಲದ ಎರಕ ಪರಂಪರೆಯಲ್ಲಿ ಬಳ್ಳಿ ಮತ್ತು ಕಮಲ

ಮಂಡ್ಯ ಜಿಲ್ಲೆಯ ನಾಗಮಂಗಲವು ಕಂಚು, ಹಿತ್ತಾಳೆಗಳ ಎರಕಕ್ಕೆ ಹೆಸರಾದ ಊರು. ಇಲ್ಲಿಯ ವಿಶ್ವಕರ್ಮ ಕುಶಲಿಗಳ ಕೆಲಸವನ್ನು ಪರಿಶೀಲಿಸುವವರ ಗಮನ ಸಾಮಾನ್ಯವಾಗಿ ದೇವತಾಮೂರ್ತಿಗಳ ಮೇಲೆ ನಿಲ್ಲುತ್ತದೆ. ಮೂರ್ತಿಯನ್ನು ಹೊತ್ತ ಪದ್ಮಪೀಠ, ಹಿಂಬದಿಯ ಪ್ರಭಾವಳಿಯಲ್ಲಿ ಮಕರದ ಬಾಯಿಂದ ಹೊರಟು ಸುರುಳಿಯಾಗುವ ಬಳ್ಳಿ, ಮನೆಯ ಕಾಲುದೀಪದ ಅಡಿಯಲ್ಲಿ ಅರಳಿದ ಎಸಳು ಇವು ಕೇವಲ ಅಲಂಕಾರವೆಂದು ಬದಿಗೆ ಸರಿಯುತ್ತವೆ. ಆದರೆ ಕುಶಲಿಯ ಸ್ವಾತಂತ್ರ್ಯವನ್ನು ಅರಿಯಲು ಈ ಬದಿಯ ಭಾಗಗಳೇ ಹೆಚ್ಚು ನೆರವಾಗುತ್ತವೆ. ಮೂರ್ತಿಯ ಅಳತೆಯನ್ನು ತಾಳಮಾನವು ನಿಗದಿಗೊಳಿಸುತ್ತದೆ. ಬಳ್ಳಿಯ ತಿರುವನ್ನು ಬಹುಪಾಲು ಕೈಯೇ ನಿರ್ಧರಿಸುತ್ತದೆ.

ಈ ಕೈಗೂ ಒಂದು ಕಟ್ಟುಪಾಡು ಉಂಟು. ಅದು ಶಾಸ್ತ್ರದ್ದಲ್ಲ, ಲೋಹದ್ದು. ಕಲ್ಯಾಣ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಮೇಣದ ಎರಕದ ಕ್ರಮವನ್ನು ವಿವರಿಸುತ್ತದೆ. ಮೇಣದ ರೂಪಕ್ಕೆ ನುಣ್ಣನೆಯ ಮಣ್ಣನ್ನು ಪದರಪದರವಾಗಿ ಬಳಿದು, ಒಣಗಿಸಿ, ಕಾಯಿಸಿದಾಗ ಮೇಣ ಕರಗಿ ಹೊರಬರುತ್ತದೆ. ಆ ಟೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ತೆಳುವಾದ ಕುಡಿಯಲ್ಲಿ ಲೋಹವು ತುದಿ ಮುಟ್ಟುವ ಮೊದಲೇ ತಣ್ಣಗಾಗುವ ಅಪಾಯವಿದೆ. ಬಳ್ಳಿಯ ಸುರುಳಿ ಅಲ್ಲಲ್ಲಿ ಚೌಕಟ್ಟನ್ನು ಮುಟ್ಟಿದರೆ ಲೋಹಕ್ಕೆ ಹಲವು ದಾರಿಗಳು ದೊರೆಯುತ್ತವೆ, ಕುಡಿಗೆ ಬಲವೂ ಬರುತ್ತದೆ. ಹೀಗಾಗಿ ಚೆಲುವೆಂದು ಕಾಣುವ ಬೆಸುಗೆಯು ಎರಕದ ಅಗತ್ಯವೂ ಹೌದು. ಕೊನೆಗೆ ಅಚ್ಚನ್ನು ಒಡೆಯಲೇಬೇಕಾದ್ದರಿಂದ ಒಂದು ಬಳ್ಳಿಯಂತೆ ಇನ್ನೊಂದು ಇರುವುದಿಲ್ಲ.

ಈ ಬಳ್ಳಿಯ ಇತಿಹಾಸವನ್ನು ಬರೆಯುವುದು ಮಾತ್ರ ಸುಲಭವಲ್ಲ. ಹಿಂದೆ ಅತ್ತಿಗುಪ್ಪೆ ಎನಿಸಿದ್ದು 1891ರಲ್ಲಿ ಹೊಸ ಹೆಸರು ಪಡೆದ ಕೃಷ್ಣರಾಜಪೇಟೆಯ ಸಮೀಪದ ಹೊಸಹೊಳಲಿನಲ್ಲಿ, 13ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದರ ಅಧಿಷ್ಠಾನದಲ್ಲಿ ಆನೆ, ಕುದುರೆಗಳ ಸಾಲಿನ ಮೇಲೆ ಲತಾಪಟ್ಟಿಕೆ ಇಂದಿಗೂ ಉಳಿದಿದೆ. ಕಲ್ಲು ಸವೆದರೂ ಸ್ಥಳ ಬಿಡುವುದಿಲ್ಲ. ಲೋಹವು ಹಾಗಲ್ಲ. ಒಡೆದ ದೀಪ, ಮುರಿದ ಪ್ರಭಾವಳಿ ತೂಕದ ಲೆಕ್ಕದಲ್ಲಿ ಮತ್ತೆ ಮೂಸೆ ಸೇರುತ್ತವೆ; ಹಳೆಯ ಬಳ್ಳಿ ಕರಗಿ ಹೊಸ ಬಳ್ಳಿಯಾಗುತ್ತದೆ. ಪರಂಪರೆಯ ಮುಂದುವರಿಕೆಯೇ ಅದರ ಸಾಕ್ಷ್ಯವನ್ನು ಅಳಿಸುತ್ತದೆಯೆಂಬುದು ಇಲ್ಲಿಯ ವೈಚಿತ್ರ್ಯ.

ಇಂದು ಮನೆಯ ಗೋಡೆಗೆ, ಕೈತೋಟಕ್ಕೆ ಲೋಹದ ಎಲೆ, ಹೂ, ಗಿಡಗಳನ್ನು ಕೊಳ್ಳುವ ರೂಢಿ ಬೆಳೆದಿದೆ. ತಗಡನ್ನು ಕತ್ತರಿಸಿ ಬೆಸೆದ ಈ ವಸ್ತುಗಳಲ್ಲಿ ಸಸ್ಯವು ತನ್ನಷ್ಟಕ್ಕೆ ತಾನೇ ನಿಂತಿದೆ. ಎರಕದ ಪರಂಪರೆಯಲ್ಲಾದರೋ ಕಮಲವು ಮೂರ್ತಿಯನ್ನೋ ದೀಪವನ್ನೋ ಹೊರುತ್ತಿತ್ತು, ಬಳ್ಳಿಯು ಸುತ್ತುವರಿಯುತ್ತಿತ್ತು. ಈ ಬದಲಾವಣೆಯನ್ನು ಅವನತಿಯೆಂದು ಹಳಿಯುವುದು ಸರಿಯಲ್ಲ. ಮೂರ್ತಿಯ ಬೇಡಿಕೆ ಕುಗ್ಗಿದಲ್ಲಿ ಸಸ್ಯರೂಪವು ಕುಶಲಿಗೆ ಹೊಸ ಜೀವನೋಪಾಯವೂ ಆಗಬಲ್ಲದು. ಆದರೆ ಕುಡಿಯನ್ನು ಎಲ್ಲಿ ಚೌಕಟ್ಟಿಗೆ ತಾಗಿಸಬೇಕೆಂಬ ಅರಿವು ಬರಹದಲ್ಲಿಲ್ಲ, ಬೆರಳಿನಲ್ಲಿದೆ. ಮೂಸೆಗೆ ಹೋಗುವ ಮುನ್ನ ಪ್ರತಿಯೊಂದು ಹಳೆಯ ಪೀಠ, ದೀಪ, ಪ್ರಭಾವಳಿಯ ಚಿತ್ರವನ್ನೂ ಅಳತೆಯನ್ನೂ, ಅವುಗಳ ಭಾಗಗಳಿಗೆ ಕುಶಲಿಗಳು ಬಳಸುವ ಹೆಸರುಗಳನ್ನೂ ದಾಖಲಿಸುವುದು ಜಾನಪದ ಅಧ್ಯಯನದ ತುರ್ತು ಹೊಣೆಯಾಗಿದೆ.